ನಾನು ಹೊಡೆದುಹಾಕಿದ ಎಮ್

ಕೆಮಿಸ್ಟ್ರಿ ಪರೀಕ್ಷೆಯಲ್ಲಿ ನನ್ನ ಮಾನ ಹೋಗಿದ್ದು ಒಂದೇ ಒಂದು ಅಕ್ಷರದಿಂದ. ಹೈದರಾಬಾದಿನ ಕಾಲೇಜು. ಎರಡು ಪರಮಾಣುಗಳು ಕೂಡಿ ಒಂದಾಗುವ ಸಮೀಕರಣ. ಬಾಣದ ಈ ಕಡೆಯೂ ಎಮ್, ಆ ಕಡೆಯೂ ಎಮ್. ಬೀಜಗಣಿತ ಕಲಿತ ಜಾಣನಲ್ಲವೇ ನಾನು, ಎರಡನ್ನೂ ಹೊಡೆದುಹಾಕಿದೆ. ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು ಇಡೀ ಕ್ಲಾಸಿನೆದುರು ನಿಲ್ಲಿಸಿ ಬೈದರು. ಎಮ್ ಅಂದರೆ ಅಲ್ಲೇ ಸುಳಿದಾಡುವ ಯಾವುದಾದರೂ ಮೂರನೆಯ ಅಣು. ಡಿಕ್ಕಿಯಲ್ಲಿ ಹೆಚ್ಚಾದ ಶಕ್ತಿಯನ್ನು ಅದು ಹೊತ್ತೊಯ್ಯದಿದ್ದರೆ ಕೂಡಿದ ಎರಡೂ ಮತ್ತೆ ಸಿಡಿದು ಬೇರೆಯಾಗುತ್ತವೆ ಎಂದರು. ಬಾಯಿಪಾಠ ಮಾಡಿದೆ, ತಿಳಿಯಲಿಲ್ಲ.

ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆಗಿ ಕಾಲೇಜು ಮುಚ್ಚಿತು, ನಮ್ಮೂರು ಭಾಲ್ಕಿಗೆ ಬಂದೆ. ರಜಾಕಾರರಿಗೆ ಹೆದರಿ ಗಡಿಯಾಚೆಯ ಶಿಬಿರ ಸೇರಿದ್ದ ಅಣ್ಣನೂ ಮರಳಿದ್ದ. ಹೋಗುವಾಗ ರಜೆಗೆ ಮನೆಗೆ ಬಂದಿದ್ದ ನನಗಾಗಲಿ, ಅವನ ಹೆಂಡತಿ, ನನ್ನ ವೈನಿಗಾಗಲಿ ಒಂದು ಮಾತೂ ಹೇಳಿರಲಿಲ್ಲ. ಸತ್ತನೋ ಬದುಕಿದನೋ ಎಂದು ಅತ್ತು ಅತ್ತು ವೈನಿ ಔರಾದಿನ ತವರು ಸೇರಿದ್ದರು. ತಾಯಿಯಿಲ್ಲದ ನನಗೆ ತಲೆ ಬಾಚಿ ಸಾಲಿಗೆ ಕಳಿಸಿದವರು ಅವರೇ. ಅಣ್ಣ ಎರಡು ಸಲ ಕರೆಯಲು ಹೋಗಿ, ಎರಡೂ ಸಲ ಜಗಳಾಡಿ ಬರಿಗೈಲಿ ಬಂದ. ಮೂರನೇ ಸಲ ನನ್ನನ್ನೂ ಬಂಡಿ ಹತ್ತಿಸಿದ.

ವೈನಿ ಬಾಗಿಲಲ್ಲೇ ಶುರುಮಾಡಿದರು. ಅಣ್ಣ ನನ್ನ ಮುಖ ನೋಡದೆ ಅಂದ: "ಇವನಿಗಿ ಹೇಳಿ ಹೋಗಿದ್ದೆ. ಇಂವಾ ನಿನಗ ಹೇಳಿಲ್ಲಂದ್ರ ನಾ ಏನ್ ಮಾಡ್ಲಿ?"

ಹಸಿ ಸುಳ್ಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ವೈನಿಯ ಸಿಟ್ಟು ಅವನನ್ನು ಬಿಟ್ಟು ನನ್ನ ಕಡೆ ತಿರುಗಿತ್ತು.

"ರಜಾದಾಗ ಮನ್ಯಾಗೇ ಇದ್ದೆಲ್ಲೋ! ನಾ ದಿನಾ ಅಳೂದು ನೋಡ್ಕೋತ ಹ್ಯಾಂಗ ಕುಂತಿ?"

ತೆರೆದ ಬಾಯಿ ಮುಚ್ಚಿದೆ. ಅವರು ಬೈದು ಬೈದು ದಣಿದರು, ಆಮೇಲೆ ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿದರು.

ವಾಪಸ್ ಬರುವಾಗ, ಸಂತಪುರದ ಹತ್ತಿರ, ಶಿಬಿರದಲ್ಲಿ ಊಟ ಹೇಗಿತ್ತೆಂದು ವೈನಿ ಅಣ್ಣನನ್ನು ಕೇಳುತ್ತಿದ್ದರು. ನಾನು ಬಂಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದೆ. ಎಮ್ ನನಗೆ ತಿಳಿದದ್ದು ಅಲ್ಲಿ. ಪುಸ್ತಕದಲ್ಲಿ ಅದು ಎರಡೂ ಕಡೆ ಒಂದೇ ಥರ ಕಾಣುತ್ತದೆ. ಹೊತ್ತುಕೊಂಡು ಹೋದದ್ದನ್ನು ಯಾರೂ ಅದರ ಪಕ್ಕ ಬರೆಯುವುದಿಲ್ಲ.

ಅಣ್ಣ, ವೈನಿ ಬೀದರಿನ ಚಿದ್ರಿಯಲ್ಲಿ ಮನೆ ಮಾಡಿದರು. ನಾನು ಭಾಲ್ಕಿಯಲ್ಲೇ ಮಾಸ್ತರನಾಗಿ ಉಳಿದೆ. ಹೋದಾಗಲೆಲ್ಲ ವೈನಿ ಊಟ ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ. ಅಣ್ಣ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ಬರೀ ಒಂಟಿ ಅನಿಸುತ್ತಿತ್ತು, ಹೋಗುವುದನ್ನೇ ಕಡಿಮೆ ಮಾಡಿದೆ.

ಎಷ್ಟೋ ವರ್ಷದ ಮೇಲೆ ಅಣ್ಣ ತೀರಿಕೊಂಡ. ಬಂದವರೆಲ್ಲ ಹೋದ ಮೇಲೆ ವೈನಿ ನನ್ನೆದುರು ಬಂದು ಕೂತರು.

"ಅವ್ರು ಖರೇನೇ ನಿನಗ ಹೇಳಿ ಹೋಗಿದ್ರೇನೋ?"

"ಹೌದ್ರಿ ವೈನಿ," ಅಂದೆ. "ನಾನೇ ಮರ್ತಿದ್ದೆ."