ರೇವವ್ವ ಒತ್ತಿದ ಉಸಿರು

ಕೈ ತೊಳೆಯದೆ ಗಂಟಲ ಕೊಳವೆ ಮುಟ್ಟಬಾರದೆಂದು ಕಂಪೌಂಡರ್ ಪಂಢರಿನಾಥರಾಯರು ಅರ್ಧ ತಾಸು ಉಪನ್ಯಾಸ ಕೊಟ್ಟರು. ಆಮೇಲೆ ಗಾಳಿಚೀಲ ಒತ್ತುವ ಬಗೆ ತೋರಿಸಲು ಗತ್ತಿನಿಂದ ಒಂದು ಸಲ ಒತ್ತಿದರು. ಚೀಲ ಕಳಚಿತು, ರೋಗಿ ಕೆಮ್ಮಿದ, ಕಫದ ಮುದ್ದೆಯೊಂದು ನೇರವಾಗಿ ರಾಯರ ಚಷ್ಮಾದ ಮೇಲೆ ಬಂದು ಕೂತಿತು. ಗಾಬರಿಯಲ್ಲಿ ಅವರು ಅದನ್ನು ಧೋತರದ ಚುಂಗಿನಿಂದಲೇ ಒರೆಸಿಕೊಂಡರು. ಸ್ವಚ್ಛತೆಯ ಪಾಠ ಅಲ್ಲಿಗೆ ಮುಗಿಯಿತು.

ಕನ್ನೊಳ್ಳಿಯ ಕುರುಬರ ರೇವವ್ವ ನಗಲಿಲ್ಲ. ಚೀಲವನ್ನು ಮತ್ತೆ ಸಿಕ್ಕಿಸಿ ತಾನೇ ಒತ್ತತೊಡಗಿದಳು.

ಅದು ೧೯೭೪. ಉಣ್ಣೆ ಕತ್ತರಿಸುವಾಗ ಕತ್ತರಿ ಕಾಲಿಗೆ ತಗುಲಿ ಅವಳ ಗಂಡ ಕಾಳಪ್ಪನಿಗೆ ಧನುರ್ವಾಯು ಆಗಿತ್ತು. ಸಿಂದಗಿಯ ಡಾಕ್ಟರು ಗಂಟಲು ಕೊಯ್ದು ಕೊಳವೆ ಇಟ್ಟಿದ್ದರು. ನಾಲ್ಕು ಮಂಚದ ಆ ದವಾಖಾನೆಗೆ ಉಸಿರಾಡಿಸುವ ಯಂತ್ರ ಎಲ್ಲಿಂದ ಬರಬೇಕು? ರೇವವ್ವನ ಕೈಯೇ ಯಂತ್ರ. ಅವಳು ಉಣ್ಣಲು, ತುಸು ಮಲಗಲು ಎದ್ದಾಗ ಮೈದುನ ಸೋಮನಿಂಗ ಒತ್ತುತ್ತಿದ್ದ.

"ಮೂಗು, ಗಂಟಲದ ಲೋಳಿಯೊಳಗ ಕ್ರಿಮಿ ಹಿಡಿಯೋ ಕಾವಲು ಇರ್ತೈತವಾ," ರಾಯರು ತಿಳಿಸಿದರು. "ನಾವು ತೂತು ಕೊರದು ಗಾಳಿ ಬ್ಯಾರೆ ಕಡಿಂದ ಬಿಟ್ಟೇವಿ. ಕ್ರಿಮಿ ಪುಪ್ಪಸಕ್ಕ ಇಳಿದ್ರ ನ್ಯುಮೋನಿಯಾ."

"ನಾಯಿ ದೊಡ್ಡಿ ಬಾಗಿಲದಾಗ, ಬೇಲಿ ಹರದದ್ದು ಹಿಂದ. ಹಂಗನ್ರಿ."

ರಾಯರು ರಾತ್ರಿಯಿಡೀ ಪುಸ್ತಕ ತಿರುವಿ ತಿಳಿದದ್ದು ಅಷ್ಟೇ ಆಗಿತ್ತು.

ಆದರೆ ತಿಳಿದುಕೊಂಡದ್ದೇ ತೊಡಕಾಯಿತು. ಬೇಲಿ ಹರಿದಲ್ಲಿ ಕಾವಲು ಬೇಕಲ್ಲ? ನಾಲ್ಕನೆಯ ದಿನ ಅವಳು ಸೆರಗಿನ ಗಂಟು ಬಿಚ್ಚಿ, ಮನೆದೇವರ ಭಂಡಾರದ ಅರಿಷಿಣವನ್ನು ಗಂಟಲ ತೂತಿನ ಸುತ್ತ ಮೆತ್ತಿದಳು. ಕೊಳವೆಯ ಬಾಯಿಗೂ ಒಂದು ಚಿಟಿಕೆ. ಮುಂದಿನ ಒತ್ತಿಗೆ ಆ ಹುಡಿ ಒಳಗಿಳಿಯಿತು.

ಮರುದಿನ ಕಾಳಪ್ಪನ ಮೈ ಕೆಂಡ. ಡಾಕ್ಟರು ಬಲ ಎದೆಗೆ ಕಿವಿಗೊಟ್ಟು, "ಪುಪ್ಪಸಕ್ಕ ಇಳದೈತಿ. ಸೂಜಿ ಹಾಕೂಣು. ಭರವಸೆ ಕೇಳಬ್ಯಾಡ್ರಿ," ಎಂದು ಹೋದರು.

ರೇವವ್ವ ಭಂಡಾರದ ಸಂಗತಿ ಮುಚ್ಚಿಡಲಿಲ್ಲ. "ನಾನಽ ಕೊಂದೆನೇನ್ರಿ, ರಾಯರ?"

ಬೈಯುವ ಹಕ್ಕು ರಾಯರಿಗೂ ಇರಲಿಲ್ಲ. ಭಂಡಾರಕ್ಕೂ ಒಂದು ದಿನ ಮೊದಲು, ತಾವೊಬ್ಬರೇ ಚೀಲ ಒತ್ತುತ್ತಿದ್ದಾಗ, ಕನಿಕರ ಉಕ್ಕಿ, ನುಂಗಲಾರದ ಕಾಳಪ್ಪನ ಬಾಯಿಗೆ ಪಂಢರಪುರದ ತೀರ್ಥವನ್ನು ಒಂದು ಉದ್ಧರಣೆ ಬಿಟ್ಟಿದ್ದವರು ಅವರೇ. ಇಪ್ಪತ್ತು ವರ್ಷ ಕಂಪೌಂಡರಿಕೆ ಮಾಡಿದವರು. ತಲೆ ತಗ್ಗಿಸಿ ಹೇಳಿಬಿಟ್ಟರು.

ರೇವವ್ವ ಚೀಲ ಒತ್ತುತ್ತಲೇ ಅಂದಳು, "ಹಂಗಾದ್ರ ನಿಮ್ಮ ದೇವ್ರು, ನಮ್ಮ ದೇವ್ರು ಒಳಗ ಭೆಟ್ಟಿಯಾಗಿರಬೇಕು ಬಿಡ್ರಿ."

ಆಮೇಲೆ ಅವಳು ಕೇಳಿದ್ದು ನಾಲ್ಕು ಇಟ್ಟಂಗಿ. "ಹುಟ್ಟಿದ ಮರಿ ಲೋಳಿ ಕುಡದ್ರ ಹಿಂಗಾಲು ಹಿಡದು ತಲಿಕೆಳಗ ಮಾಡ್ತೇವ್ರಿ. ಇವರನ್ನ ಎತ್ತಾಕ ಆಗಂಗಿಲ್ಲ, ಮಂಚ ಎತ್ತೂಣು." ಡಾಕ್ಟರು ಒಪ್ಪಿದರು. ಮಂಚದ ಕಾಲದೆಸೆ ಮೇಲೇರಿತು. ಸೋಮನಿಂಗ ಚೀಲ ಹಿಡಿದರೆ ರೇವವ್ವ ಗಂಡನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ತಟ್ಟುವಳು. ಕೊಳವೆಯಿಂದ ಹಳದಿ ಕಫ ಬರುವುದು, ರಾಯರು ಎಳೆದು ತೆಗೆಯುವರು, ಈಗ ಪ್ರತಿ ಸಲವೂ ಕೈ ತೊಳೆದು. ಬಾಯಿಗೆ ಮಾತ್ರ ಹನಿ ನೀರೂ ಇಲ್ಲ.

ಒಂಬತ್ತನೆಯ ದಿನವೂ ಜ್ವರ ಇಳಿಯಲಿಲ್ಲ. ಅಂಗೈಯ ಬೊಬ್ಬೆ ಒಡೆದು ಅವಳು ಅರಿವೆ ಸುತ್ತಿಕೊಂಡಿದ್ದಳು. ತಮ್ಮ ಎದೆಯ ಭಾರ ಇಳಿಸಿಕೊಳ್ಳಲೋ ಏನೋ, ರಾಯರು ಮೆಲ್ಲಗೆ ಕೇಳಿದರು, "ರೇವವ್ವ, ಖರೇ ಹೇಳು. ಕಾಳಪ್ಪ ಉಳೀತಾನ ಅಂತೀಯೇನು?"

ಅವಳು ಚೀಲ ಒತ್ತಿ, ಎದೆ ಏರಿದ್ದನ್ನು ನೋಡಿ ಹೇಳಿದಳು, "ಈಗ ಒತ್ತಿದ ಉಸಿರು ಒಳಗ ಹೋತ್ರಿ."