ಮೈಮೇಲೆ ಒಣಗದ ಸೀರೆ

ಸ್ವಾಮಿಯನ್ನು ನಂಬಿದ ಅಕ್ಕತಂಗಿಯರೇ, ಹೇಳಿಕೊಳ್ಳಲು ನಾಚಿಕೆಯಾಗುವ ಕಾಯಿಲೆ ನನ್ನದು. ಆದರೂ ಬರೆಯುತ್ತೇನೆ. ನಿಮ್ಮಲ್ಲೂ ಯಾರೋ ಒಬ್ಬಳು ಇದನ್ನೇ ಸೆರಗಿನಡಿ ಮುಚ್ಚಿಟ್ಟುಕೊಂಡು ಒದ್ದಾಡುತ್ತಿರಬಹುದು.

ಹೋದ ವರ್ಷ, ಅರವತ್ತನೇ ಇಸವಿಯ ಮಳೆಗಾಲ. ಸೊಂಟದ ಸುತ್ತ ಹುಳುಕಡ್ಡಿ ಎದ್ದು, ಉಂಗುರ ಉಂಗುರವಾಗಿ ಬೆನ್ನಿಗೂ ಹತ್ತಿತು. ಕೆರೆದು ಕೆರೆದು ರಕ್ತ ಬರುತ್ತಿತ್ತು. ಆಮೇಲೆ ಒಂದೂವರೆ ವರ್ಷದ ಮಗಳು ಗಿರಿಜೆಯ ತೊಡೆಯಲ್ಲೂ ಒಂದು ಉಂಗುರ ಕಂಡಿತು. ನಮ್ಮತ್ತೆ ಮಗುವನ್ನು ಎತ್ತಿಕೊಂಡು ತಮ್ಮ ಕೋಣೆಗೆ ಹೋದರು. ಗುಣವಾಗುವ ತನಕ ಮುಟ್ಟಬೇಡ ಅಂದರು. ಅವರದು ತಪ್ಪೆನ್ನಲಾರೆ. ಆದರೆ ಗೋಡೆಯಾಚೆ ಅವಳು ಅಳುವಾಗ ನಾನು ಈಚೆ ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದೆ.

ನಮ್ಮೂರ ವೀರಭದ್ರಸ್ವಾಮಿಗೆ ಹರಕೆ ಹೊತ್ತೆ. ಗುಣವಾಗುವವರೆಗೆ ದಿನವೂ ಬಾವಿಯ ಹತ್ತಿರ ತಲೆಗೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಗುಡಿ ಸುತ್ತುವುದು. ಆ ಸೀರೆ ಮೈಮೇಲೆಯೇ ಒಣಗಬೇಕು. ಆ ಮಳೆಯಲ್ಲಿ ಅದು ಒಣಗುವುದೆಲ್ಲಿಂದ ಬಂತು?

ಕಡೂರಿನಿಂದ ಅಣ್ಣ ಬಂದು, ಅಜ್ಜಂಪುರದಲ್ಲಿ ಬಸ್ಸು ಹತ್ತಿಸಿ ತರೀಕೆರೆಯ ಡಾಕ್ಟರ ಹತ್ತಿರ ಕರೆದೊಯ್ದ. ನಾನು ಕೆರೆದುಕೊಳ್ಳುವುದನ್ನು ಕಂಡ ಪಕ್ಕದಾಕೆ ಎದ್ದು, ದಾರಿಯುದ್ದಕ್ಕೂ ನಿಂತೇ ಬಂದಳು. ಡಾಕ್ಟರು ಮುಲಾಮು ಕೊಟ್ಟು, ಒದ್ದೆ ಬಟ್ಟೆ ಉಟ್ಟರೆ ಯಾವ ಔಷಧಿಯೂ ಹಿಡಿಯುವುದಿಲ್ಲ ಅಂದರು. ಹರಕೆ ಬಿಟ್ಟರೆ ಮಗುವಿಗೆ ಏನಾದೀತೋ ಎಂಬ ಹೆದರಿಕೆ. ಬಿಡದಿದ್ದರೆ ಗುಣವಿಲ್ಲ, ಗುಣವಾಗದೆ ಹರಕೆ ಮುಗಿಯದು. ಒಂದು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಕೂತು, ಅಳುತ್ತಾ ಸ್ವಾಮಿಯನ್ನೇ ಬೈದೆ.

ಅದನ್ನು ಕೇಳಿಸಿಕೊಂಡ ಅತ್ತೆ ಹತ್ತಿರ ಬಂದರು. "ಏಳೇ. ಹರಕೆ ಹೊತ್ತಿದ್ದು ಅವನಿಗೆ ತಾನೇ, ಬಿಡಾದನ್ನೂ ಅವನ್ನೇ ಕೇಳಾನ," ಅಂದರು.

ಗುಡಿಯಲ್ಲಿ ಅವರೇ ಪ್ರಸಾದ ಕೇಳಿದರು. ಒಣಗಿದ ಸೀರೆ ಉಟ್ಟು ಬರಲು ಒಪ್ಪಿಗೆಯಿದ್ದರೆ ಬಲಗಡೆಯ ಹೂ ಕೊಡು ಎಂದು ಬೇಡಿದರು. ಬಹಳ ಹೊತ್ತು ಏನೂ ಬೀಳಲಿಲ್ಲ. ಅತ್ತೆಗೆ ಸಿಟ್ಟು ಬಂತು. "ಏನಪ್ಪಾ, ಮಗೀಗೆ ತಾಯಿ ಬ್ಯಾಡ್ವಾ?" ಅಂದರು.

ಬಲಗಡೆಯ ಹೂ ಜಾರಿ ಬಿತ್ತು.

ಅಂದಿನಿಂದ ನನ್ನ ಬಟ್ಟೆ ಕುದಿಸಿ, ಒಲೆಯ ಮುಂದೆ ಒಣಗಿಸಿ ಕೊಟ್ಟವರು ಅತ್ತೆಯೇ. ಮಗುವಿಗೂ ಅವರೇ ಮುಲಾಮು ಹಚ್ಚಿದರು. ತುರಿಕೆ ನಿಂತ ಮೇಲೂ ಹಚ್ಚುವುದನ್ನು ಬಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಇಬ್ಬರಿಗೂ ಗುಣವಾಯಿತು. ನನಗೆ ಕಲೆ ಉಳಿದಿದೆ, ಇರಲಿ.

ಅತ್ತೆ ಗಿರಿಜೆಯನ್ನು ನನ್ನ ಮಡಿಲಿಗೆ ಹಾಕಿದಾಗ, ನನ್ನ ರೂಢಿ ತಪ್ಪಿದ್ದ ಅವಳು ಅಜ್ಜಿಯ ಕಡೆ ಕೈ ಚಾಚಿ ಚೀರಿದಳು. ಆದರೂ ನಾನು ಬಿಡಲಿಲ್ಲ. ಅತ್ತು ಸುಸ್ತಾಗಿ, ಕೊನೆಗೆ ಆ ಕಲೆಗಳ ಮೇಲೆಯೇ ಕೆನ್ನೆಯಿಟ್ಟು ಮಲಗಿದಳು.

ಈಗಲೂ ದಿನಾ ಗುಡಿ ಸುತ್ತುತ್ತೇನೆ, ಒಣಗಿದ ಸೀರೆ ಉಟ್ಟು. ಏನನ್ನೂ ಬೇಡುವುದಿಲ್ಲ. ಕೈ ಮುಗಿದು, ಮಗಳನ್ನು ಎತ್ತಿ ತೋರಿಸಿ ಬರುತ್ತೇನೆ.