ನಲವತ್ತೈದು ಡಿಗ್ರಿಯ ನಿಂಬೆಹಣ್ಣು

ಎಸೆದ ವಸ್ತು ಬಡವನದಿರಲಿ ಬಲ್ಲಿದನದಿರಲಿ, ಪ್ರಕೃತಿ ಅದಕ್ಕೆ ಒಂದೇ ನಿಯಮ ವಿಧಿಸಿದೆ. ನಮ್ಮ ಓಣಿಯಲ್ಲಿ ಮಾತ್ರ ಒಬ್ಬ ಸ್ಕೂಟರ್ ಮೆಕ್ಯಾನಿಕ್‌ಗೆ ಅದರಿಂದ ವಿನಾಯಿತಿ ಸಿಕ್ಕಂತಿತ್ತು.

ಪಂಚಮಿ ಹಬ್ಬಕ್ಕೆ ವಿದ್ಯಾನಗರದ ನಮ್ಮ ಓಣಿಯಲ್ಲಿ ನಿಂಬೆಹಣ್ಣು ಎಸೆಯುವ ಪಂದ್ಯ ಇಡುತ್ತೇವೆ. ಬೇವಿನ ಮರದಿಂದ ನೀರಿನ ಟ್ಯಾಂಕಿನವರೆಗೆ ಎಸೆಯುತ್ತ ಹೋಗಬೇಕು. ಹಣ್ಣು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮುಂದಿನ ಎಸೆತ. ಒಡೆದರೆ ಬೇರೆ ಹಣ್ಣು. ಕಡಿಮೆ ಎಸೆತಗಳಲ್ಲಿ ಮುಟ್ಟಿದವರು ಮರುದಿನ ಹಿಂದಿನ ಓಣಿಯವರ ಎದುರು ನಮ್ಮ ಪರವಾಗಿ ಎಸೆಯುತ್ತಾರೆ. ಆರು ವರ್ಷ ಆ ಗೌರವ ನನ್ನದಾಗಿತ್ತು. ಉಳಿದ ಸ್ಪರ್ಧಿಗಳಿಗೆಲ್ಲ ಭುಜದ ನೋವಿತ್ತು ಎಂಬುದನ್ನು ನಾನು ಎಲ್ಲಿಯೂ ಹೇಳಿಕೊಂಡಿಲ್ಲ. ಭೌತಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಉಳಿದಿದ್ದ ಪದವಿ ಅದೊಂದೇ.

ಹೋದ ವರ್ಷ ಈ ಮೆಕ್ಯಾನಿಕ್ ಎದುರುಮನೆಗೆ ಬಾಡಿಗೆಗೆ ಬಂದರು. ವಯಸ್ಸು ನನ್ನಷ್ಟೇ, ಹೊಟ್ಟೆ ಮಾತ್ರ ಇರಲಿಲ್ಲ. ಇದು ನನ್ನ ಮೊದಲ ತಕರಾರು. ಹಬ್ಬದ ಹಿಂದಿನ ಸಂಜೆ ಅವರು ಅಂಗಡಿಯಿಂದ ಬಂದವರು, ಕೈಯ ಆಯಿಲ್ ಕೂಡ ಒರೆಸಿಕೊಳ್ಳದೆ, ಒಂದು ಹಣ್ಣು ಬೀಸಿದರು. ಅದು ಓಣಿಯ ತಿರುವು ದಾಟಿತು.

"ನೋಡ್ರಿ ಅಲ್ಲೆ, ಎಷ್ಟ ಹಗೂರ ಒಗದ್ರು!" ಎಂದಳು ನನ್ನ ಹೆಂಡತಿ, ಗೇಟಿನಲ್ಲಿ ನಿಂತು. ಆರು ವರ್ಷಗಳಲ್ಲಿ ನನ್ನ ಒಂದು ಎಸೆತಕ್ಕೂ ಆಕೆ ಗೇಟಿನತನಕ ಬಂದದ್ದಿಲ್ಲ.

"ಭಾಯಿ, ಭಾಳ ತೆಳಗ ಒಗ್ಯಾಕತ್ತೀರಿ," ಎಂದೆ. "ನಲವತ್ತೈದು ಡಿಗ್ರಿ ಇರಬೇಕು. ಹಂಗಾದ್ರ ದೂರ ಹೋಗೂದು."

"ಹೌದೇನ್ರಿ ಸರ್? ನಾ ಬರೇ ರಸ್ತೆ ನೋಡಿ ಒಗಿತೇನ್ರಿ."

"ನಿಮ್ಮ ಪಾಠ ಸಾಕ್ರಿ," ಎಂದಳು ಹೆಂಡತಿ. "ನಾಳೆ ಒಗದ ತೋರಸ್ರಿ."

ಮರುದಿನ ಬೆಳಿಗ್ಗೆ ಮೊಮ್ಮಗಳ ಕೋನಮಾಪಕ ಹಿಡಿದು ಕನ್ನಡಿಯ ಮುಂದೆ ನನ್ನ ತೋಳನ್ನು ಅಳೆದುಕೊಂಡೆ.

ಪಂದ್ಯದಲ್ಲಿ ನನ್ನ ಹಣ್ಣು ಘನಗಾಂಭೀರ್ಯದಿಂದ ಏರಿತು, ಪುಸ್ತಕದಲ್ಲಿರುವಂತೆಯೇ ಬಾಗಿತು, ಇಳಿದು ಪಚಕ್ಕನೆ ಒಡೆದು ಅಲ್ಲೇ ಕೂತಿತು. ಅವರದು ತಗ್ಗಿನಲ್ಲೇ ಸಾಗಿ, ನೆಲಕ್ಕೆ ತಾಗಿ, ಎರಡು ಸಲ ಪುಟಿದು ಉರುಳುತ್ತ ಹೋಯಿತು. ವಸ್ತು ಬಿದ್ದಲ್ಲಿಗೆ ಲೆಕ್ಕ ಮುಗಿಯಿತು ಎಂದು ನಾನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದಿದ್ದೆ. ಹಲಗೆಯ ಮೇಲೆ ಡಾಂಬರು ರಸ್ತೆ ಇರಲಿಲ್ಲ.

ಅರ್ಧ ದಾರಿಯಲ್ಲಿ ಅವರು ಹತ್ತಿರ ಬಂದು, ಯಾರಿಗೂ ಕೇಳದಂತೆ, "ಸರ್, ಸ್ವಲ್ಪ ತೆಳಗ ಒಗೀರಿ, ಉರುಳತೈತಿ," ಎಂದರು.

ಮಾತು ಖರೇ ಎಂದು ನನಗೆ ಗೊತ್ತಿತ್ತು. ಅದನ್ನು ಅವರು ಹೇಳಿದರು ಎಂಬ ಒಂದೇ ಕಾರಣಕ್ಕೆ ನಾನು ಕೈಯನ್ನು ಐವತ್ತು ಡಿಗ್ರಿಗೆ ಏರಿಸಿದೆ.

ಅವರು ಹನ್ನೊಂದು ಎಸೆತಗಳಲ್ಲಿ ಟ್ಯಾಂಕ್ ಮುಟ್ಟಿದರು, ನಾನು ಹದಿನೇಳರಲ್ಲಿ. ಮರುದಿನ ನಮ್ಮ ಓಣಿಯ ಪರವಾಗಿ ಅವರೇ ಎಸೆದರು.